ಬೇಸಿಗೆಯಲ್ಲಿ ಕಡಲಂಚಿನ ಸೈಕಲ್ ಸವಾರಿ: ಗಾಳಿ, ಉಬ್ಬರ ಮತ್ತು ಹೊರಡುವ ಸಮಯ

ನಮಸ್ಕಾರ. ಬೇಸಿಗೆಯ ಒಂದು ದಿನ ಮೌಂಟನ್ ಬೈಕಿನಲ್ಲಿ ಕಡಲತೀರದಿಂದ ಹೊರಟು, ಒಳಗಿನ ಗುಡ್ಡದ ಹಾದಿಗಳನ್ನು ಹತ್ತಿ ಇಳಿದು, ಕೊನೆಯ 15 ಕಿಲೋಮೀಟರ್ ದೂರವನ್ನು ಮತ್ತೆ ತೀರದಗುಂಟ ಸಾಗಿ, ಒಟ್ಟು 45 ಕಿಲೋಮೀಟರ್ ಸುತ್ತಿ ಬರಬೇಕೆಂದು ಬರೆದಿದ್ದೀರಿ. ಹೋದ ಸಲ ಇದೇ ಬಗೆಯ ಸವಾರಿಯಲ್ಲಿ ಬೆಳಿಗ್ಗೆ 9 ಗಂಟೆಗೆ ಹೊರಟು, ಮಧ್ಯಾಹ್ನ 3ರ ಮೇಲೆ ತೀರಕ್ಕೆ ಇಳಿದು, ಅಲ್ಲಿಂದ ಮುಂದೆ ಕಾಲು ಸೋತು ಸೈಕಲ್ ತಳ್ಳಿಕೊಂಡು ಬಂದಿರೆಂದೂ ಹೇಳಿದ್ದೀರಿ. ಈ ಸಲ ಹಾಗಾಗದಿರಲು ಟೈರಿನಲ್ಲಿ ಎಷ್ಟು ಗಾಳಿ ಇರಬೇಕು, ಎಷ್ಟು ನೀರು ಒಯ್ಯಬೇಕು, ಮರಳಿನಲ್ಲಿ ಹೇಗೆ ಓಡಿಸಬೇಕು ಎಂಬುದು ನಿಮ್ಮ ಪ್ರಶ್ನೆ. ಮೂರಕ್ಕೂ ಉತ್ತರಿಸುತ್ತೇನೆ, ಆದರೆ ನಿಮ್ಮನ್ನು ಸೋಲಿಸಿದ್ದು ಈ ಮೂರೂ ಇರಲಾರದು, ನೀವು ಹೊರಟ ಹೊತ್ತು ಎಂದೇ ನನಗೆ ಅನ್ನಿಸುತ್ತದೆ. ಆದ್ದರಿಂದ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಬಿಸಿಲೇರಿದಂತೆ ನೆಲವು ನೀರಿಗಿಂತ ಬೇಗ ಕಾಯುತ್ತದೆ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗಕ್ಕೆ ಕಡಲ ಮೇಲಿನ ತಂಪಾದ ಗಾಳಿ ನುಗ್ಗಿ ಬರುತ್ತದೆ. ಈ ಕಡಲಗಾಳಿ ಸಾಮಾನ್ಯವಾಗಿ ಬೆಳಗಿನ ಕೊನೆಯ ಭಾಗದಲ್ಲಿ ಮೆಲ್ಲಗೆ ಆರಂಭವಾಗಿ, ಮಧ್ಯಾಹ್ನ 2ರಿಂದ 4ರ ಸುಮಾರಿಗೆ ತನ್ನ ಪೂರ್ಣ ಬಲಕ್ಕೆ ಬಂದು, ಹೊತ್ತು ಮುಳುಗುವ ವೇಳೆಗೆ ಇಳಿಯುತ್ತದೆ. ರಾತ್ರಿ ಇದೇ ವ್ಯವಹಾರ ತಿರುವುಮುರುವಾಗಿ ನಡೆದು ನೆಲದಿಂದ ಕಡಲಿಗೆ ಗಾಳಿ ಬೀಸುತ್ತದೆ, ಆದರೆ ಅದು ಬಹಳ ಸೌಮ್ಯವಾದದ್ದು. ಹೀಗಾಗಿ ತೀರದಲ್ಲಿ ಬೆಳಗಿನ 6ರಿಂದ 9ರವರೆಗೆ ಗಾಳಿ ಹೆಚ್ಚುಕಡಿಮೆ ಇಲ್ಲವೆನ್ನುವಷ್ಟು ಕಡಿಮೆ ಇರುತ್ತದೆ, ನೀವು ತೀರಕ್ಕೆ ಇಳಿದ ಹೊತ್ತಿನಲ್ಲಿ ಮಾತ್ರ ಅದರ ಅಬ್ಬರ ಉಳಿದೆಲ್ಲ ಹೊತ್ತಿಗಿಂತ ಹೆಚ್ಚು.

ಗಾಳಿ ಕಡಲಿನಿಂದ ನೇರವಾಗಿ ನೆಲಕ್ಕೆ ಬರುವುದಾದರೆ ತೀರದಗುಂಟ ಹೋಗುವವರಿಗೆ ಅದು ಅಡ್ಡಗಾಳಿಯಾಗಬೇಕಲ್ಲ, ಎದುರುಗಾಳಿ ಹೇಗಾಯಿತು ಎಂದು ನೀವು ಕೇಳಬಹುದು. ಭೂಮಿ ತಿರುಗುವುದರಿಂದ ಈ ಗಾಳಿ ಹೊತ್ತು ಕಳೆದಂತೆ ಓರೆಯಾಗುತ್ತಾ ಹೋಗುತ್ತದೆ. ಉತ್ತರಾರ್ಧಗೋಳದಲ್ಲಿ ತನ್ನ ಬಲಕ್ಕೆ, ದಕ್ಷಿಣಾರ್ಧಗೋಳದಲ್ಲಿ ಎಡಕ್ಕೆ. ಉತ್ತರಾರ್ಧಗೋಳದಲ್ಲಿ ಇರುವವರು ಕಡಲಿಗೆ ಬೆನ್ನು ಮಾಡಿ ನಿಂತು ನೋಡಿದರೆ, ಇಳಿಹೊತ್ತಿನ ಕಡಲಗಾಳಿ ಅವರ ಬಲಗೈಯ ಕಡೆಗೆ ವಾಲಿ ಬೀಸುತ್ತಿರುತ್ತದೆ. ಇದೊಂದನ್ನು ನೆನಪಿಟ್ಟು, ತೀರದ ತುಂಡನ್ನು ಆ ಬಲಗೈಯ ದಿಕ್ಕಿಗೆ ಸಾಗುವಂತೆ ಸುತ್ತನ್ನು ಹೊಂದಿಸಿಕೊಂಡರೆ, ತಡವಾದರೂ ಗಾಳಿ ನಿಮ್ಮನ್ನು ತಳ್ಳುತ್ತದೆ. ಋತುಮಾನದ ದೊಡ್ಡ ಗಾಳಿ ಬೀಸುತ್ತಿರುವ ದಿನ ಈ ಲೆಕ್ಕ ಕೆಡುತ್ತದೆ, ಆದ್ದರಿಂದ ಹಿಂದಿನ ರಾತ್ರಿ ಗಾಳಿಯ ಮುನ್ಸೂಚನೆಯನ್ನೂ ನೋಡಿಕೊಳ್ಳಿ. ನಿಂತ ಗಾಳಿಯಲ್ಲಿ ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುವ ಸವಾರ, ಗಂಟೆಗೆ 15 ಕಿಲೋಮೀಟರಿನ ಎದುರುಗಾಳಿಯಲ್ಲಿ ಅದೇ ವೇಗವನ್ನು ಉಳಿಸಿಕೊಳ್ಳಬೇಕಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ, ಏಕೆಂದರೆ ಆ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 30 ಕಿಲೋಮೀಟರ್ ಗುಡ್ಡ ಹತ್ತಿಳಿದ ಕಾಲುಗಳಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ.

ಆದ್ದರಿಂದ ದಾರಿಯನ್ನು ಬದಲಿಸಬೇಡಿ, ಗಡಿಯಾರವನ್ನು ಹಿಂದಕ್ಕೆ ತನ್ನಿ. ಬೆಳಕು ಹರಿಯುತ್ತಿದ್ದಂತೆ, 5.30ರ ಸುಮಾರಿಗೆ ಹೊರಟರೆ ಗುಡ್ಡದ ಏರುಗಳು ತಂಪಿನಲ್ಲೇ ಮುಗಿಯುತ್ತವೆ, 9ರ ಆಸುಪಾಸಿಗೆ ತೀರಕ್ಕೆ ಇಳಿದಿರುತ್ತೀರಿ, ಗಾಳಿ ಮೈಮುರಿದು ಏಳುವಷ್ಟರಲ್ಲಿ ಮನೆ ಸೇರಿರುತ್ತೀರಿ. ಏರುಗಳನ್ನು ಬೆಳಿಗ್ಗೆಯೇ ಮುಗಿಸಿ ಎನ್ನುವುದಕ್ಕೆ ಇನ್ನೊಂದು ಕಾರಣವಿದೆ: ಏರಿನಲ್ಲಿ ವೇಗ ಕಡಿಮೆ, ಮೈಗೆ ತಾಗುವ ಗಾಳಿಯೂ ಕಡಿಮೆ, ದುಡಿಮೆ ಮಾತ್ರ ಹೆಚ್ಚು. ಕಡಲಿನಿಂದ ಬೀಸುವ ಗಾಳಿ ಬೆನ್ನ ಹಿಂದಿದ್ದರಂತೂ ನೀವು ಗಾಳಿಯ ಜೊತೆಗೇ ಚಲಿಸುತ್ತಿರುವುದರಿಂದ ಬೆವರು ಆರುವುದೇ ಇಲ್ಲ. ಅಷ್ಟು ಬೇಗ ಹೊರಡಲು ಸಾಧ್ಯವೇ ಇಲ್ಲವೆಂದಾದರೆ ಸವಾರಿಯನ್ನು ಎರಡು ತುಂಡು ಮಾಡಿ, 11ರಿಂದ 4ರವರೆಗೆ ನೆರಳಿನಲ್ಲಿ ಕಳೆಯಿರಿ.

ಇನ್ನು ಉಬ್ಬರ ಇಳಿತ. ಇದನ್ನು ನಾನು ಪೆಟ್ಟು ತಿಂದು ಕಲಿತವನು. ಕೆಲವು ವರ್ಷಗಳ ಹಿಂದೆ, ಇಳಿತದ ಸಮಯದಲ್ಲಿ ಗಟ್ಟಿಯಾಗಿ ಹಾಸಿದಂತಿದ್ದ ಒದ್ದೆ ಮರಳಿನ ಮೇಲೆ ಖುಷಿಯಿಂದ 8 ಕಿಲೋಮೀಟರ್ ಹೋಗಿ, ಒಂದು ಮರದಡಿ ಊಟ ಮಾಡಿ ಮಲಗಿ ಎದ್ದು ನೋಡಿದರೆ ಬಂದ ದಾರಿ ನೀರಿನಡಿಯಲ್ಲಿತ್ತು. ಉಳಿದಿದ್ದ ಒಣ ಮರಳಿನ ಪಟ್ಟಿಯಲ್ಲಿ ಚಕ್ರ ಅರ್ಧ ಅಡಿ ಹೂತುಹೋಗುತ್ತಿತ್ತು. ಆ ಮಧ್ಯಾಹ್ನ ಸೈಕಲನ್ನು ಹೆಗಲ ಮೇಲೆ ಹೊತ್ತು ನಡೆದದ್ದನ್ನು ನನ್ನ ಜೊತೆಗಾರರು ಇಂದಿಗೂ ಮರೆಯಲು ಬಿಟ್ಟಿಲ್ಲ.

ಹೆಚ್ಚಿನ ತೀರಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಇರುತ್ತವೆ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಇಳಿತಕ್ಕಿಂತ ನಾಳೆಯದು ಸುಮಾರು 50 ನಿಮಿಷ ತಡ. ನೀರು ಏರುವ ಆರು ಗಂಟೆಗಳಲ್ಲಿ ಒಂದೇ ಸಮನಾಗಿ ಏರುವುದಿಲ್ಲ: ಮೊದಲ ಗಂಟೆಯಲ್ಲಿ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು, ಆಮೇಲೆ ಎರಡು, ಕೊನೆಗೆ ಒಂದು ಎಂಬುದು ನಾವಿಕರ ಅಂದಾಜು. ಮೊದಲ ಗಂಟೆಯ ನಿಧಾನವನ್ನು ನಂಬಿ ಕುಳಿತವರಿಗೆ ಮೂರನೆಯ ಗಂಟೆ ಮೋಸ ಮಾಡುವುದು ಹೀಗೆ. ಇಳಿತದ ಹಿಂದಿನ ಎರಡು ಗಂಟೆ ಮತ್ತು ನಂತರದ ಒಂದು ಗಂಟೆ ಮರಳಿನ ಮೇಲೆ ಸವಾರಿಗೆ ಹೇಳಿ ಮಾಡಿಸಿದ ಹೊತ್ತು. ನೀವು 9ರ ಸುಮಾರಿಗೆ ತೀರ ತಲುಪುವವರಾದ್ದರಿಂದ ಇಳಿತ 10ರ ಆಚೀಚೆ ಬೀಳುವ ದಿನವನ್ನು ಉಬ್ಬರ ಇಳಿತದ ಪಟ್ಟಿಯಲ್ಲಿ ಹುಡುಕಿಕೊಳ್ಳಿ. ವಾರವೊಂದು ಜಾರಿದರೆ ಇಳಿತದ ಜಾಗದಲ್ಲಿ ಉಬ್ಬರವಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ದೂರ ಹಿಂದೆ ಸರಿಯುತ್ತದೆ, ಅಷ್ಟೇ ಹೆಚ್ಚು ಏರಿ ಬರುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಅಳಿವೆಯ ಕಾಲುವೆಯನ್ನು ನೀರು ಏರುತ್ತಿರುವಾಗ ದಾಟಲು ಹೋಗಬೇಡಿ. ಮೊಣಕಾಲಿನಷ್ಟೇ ಇದೆ ಎಂದು ಇಳಿದ ಕಾಲುವೆಯಲ್ಲಿ ಸೆಳೆತವೂ ಕೆಸರೂ ಒಟ್ಟಿಗೇ ಇರುತ್ತವೆ.

ಮರಳಿನಲ್ಲಿ ಓಡಿಸುವ ಬಗೆ ಹೇಳುವುದು ಸುಲಭ, ರೂಢಿಯಾಗಲು ಒಂದೆರಡು ಸವಾರಿ ಬೇಕು. ಸಡಿಲ ಮರಳು ಕಂಡೊಡನೆ, ಅದರೊಳಗೆ ಹೋಗುವ ಮೊದಲೇ ಒಂದೆರಡು ಗೇರ್ ಹಗುರ ಮಾಡಿಕೊಳ್ಳಿ, ಸೀಟಿನಿಂದ ಏಳದೆ ತುಸು ಹಿಂದಕ್ಕೆ ಸರಿಯಿರಿ, ಒಂದೇ ಲಯದಲ್ಲಿ ತುಳಿಯುತ್ತಿರಿ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ತಿರುಗಿ ಗುಂಡಿ ತೋಡುತ್ತದೆ, ಮುಂದಿನ ಚಕ್ರ ಹೂತುಕೊಳ್ಳುತ್ತದೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದು ತಿದ್ದಲು ಹೋಗಬಾರದು. ಮುಂದಿನ ಚಕ್ರ ಸ್ವಲ್ಪ ಅತ್ತಿತ್ತ ಹೊರಳಲಿ, ಸೊಂಟದಿಂದ ವಾಲಿ ದಿಕ್ಕು ಕೊಡಿ. ಮುಂದಿನ ಬ್ರೇಕನ್ನು ಮರೆತೇಬಿಡಿ.

ಟೈರಿನ ಗಾಳಿಯ ವಿಷಯಕ್ಕೆ ಬಂದರೆ, 2.2ರಿಂದ 2.4 ಇಂಚಿನ ಟೈರು, ಸುಮಾರು 70 ಕಿಲೋ ತೂಕದ ಸವಾರ ಎಂದಿಟ್ಟುಕೊಂಡು, ಟ್ಯೂಬ್‌ಲೆಸ್ ಆದರೆ ಮುಂದೆ 20ರಿಂದ 22, ಹಿಂದೆ 23ರಿಂದ 25 ಪಿಎಸ್‌ಐ (ಪಂಪಿನ ಮಾಪಕ ತೋರಿಸುವ ಗಾಳಿಯ ಒತ್ತಡದ ಅಳತೆ) ಇಟ್ಟು ಆರಂಭಿಸಬಹುದು. ಟ್ಯೂಬ್ ಇರುವ ಟೈರಿಗೆ ಅದಕ್ಕಿಂತ 5ರಿಂದ 7 ಹೆಚ್ಚಿರಲಿ, ಇಲ್ಲವಾದರೆ ಕಲ್ಲಿಗೆ ಬಡಿದಾಗ ರಿಮ್ಮಿಗೂ ಕಲ್ಲಿಗೂ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತಾಗುತ್ತದೆ. ತೀರಕ್ಕೆ ಇಳಿದ ಮೇಲೆ ಎರಡು ಟೈರುಗಳಿಂದಲೂ 4ರಿಂದ 5 ಪಿಎಸ್‌ಐ ಬಿಟ್ಟುಬಿಡಿ. ಟೈರು ಅಗಲವಾಗಿ ಹರಡಿ ಮರಳಿನ ಮೇಲೆ ತೇಲುತ್ತದೆ. ಆಮೇಲೆ ಗಟ್ಟಿ ರಸ್ತೆ ಸಿಕ್ಕಾಗ ತುಂಬಿಕೊಳ್ಳಲು ಚಿಕ್ಕ ಪಂಪ್ ಇದ್ದೇ ಇರಬೇಕು. ಟ್ಯೂಬ್‌ಲೆಸ್ ಟೈರಿನೊಳಗಿನ ಸೀಲಂಟ್, ಅಂದರೆ ಸಣ್ಣ ತೂತುಗಳನ್ನು ಮುಚ್ಚುವ ದ್ರವ, ಬೇಸಿಗೆಯಲ್ಲಿ ಬೇಗ ಒಣಗುತ್ತದೆ. ಹೊರಡುವ ಮುನ್ನ ಚಕ್ರವನ್ನು ಕಿವಿಯ ಹತ್ತಿರ ಅಲುಗಿಸಿ ನೋಡಿ. ದ್ರವದ ಸದ್ದು ಕೇಳದಿದ್ದರೆ ಹೊಸದಾಗಿ ತುಂಬಿಸಿ.

ನೀರು ಗಂಟೆಗೆ 500ರಿಂದ 750 ಮಿಲಿಲೀಟರ್ ಎಂದು ಹಿಡಿದು ಐದು ಗಂಟೆಯ ಸವಾರಿಗೆ 3 ಲೀಟರ್ ಒಯ್ಯಿರಿ, ದಾರಿಯಲ್ಲಿ ತುಂಬಿಕೊಳ್ಳುವ ಜಾಗವೊಂದನ್ನೂ ಮೊದಲೇ ಗುರುತಿಸಿಕೊಳ್ಳಿ. ಕಡಲಂಚಿನ ಗಾಳಿಯಲ್ಲಿ ತೇವ ಹೆಚ್ಚು, ಆದ್ದರಿಂದ ಬೆವರು ಆರುವುದಿಲ್ಲ, ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರು ಮೈಯನ್ನು ತಂಪು ಮಾಡದೆ ನೀರು ಉಪ್ಪು ಎರಡನ್ನೂ ಕಳೆಯುತ್ತದೆ. ಹಾಗೆಂದು ಬರೀ ನೀರನ್ನೇ ಕೊಡಕೊಡವಾಗಿ ಕುಡಿಯುವುದೂ ತಪ್ಪು, ರಕ್ತದಲ್ಲಿ ಸೋಡಿಯಂ ಕುಸಿಯುತ್ತದೆ. ಒಂದು ಬಾಟಲಿಯಲ್ಲಿ ಉಪ್ಪು, ಸಕ್ಕರೆ ಬೆರೆಸಿದ ನೀರಿರಲಿ. ನಿಮ್ಮ ಮೈಯ ಲೆಕ್ಕ ನಿಮಗೆ ತಿಳಿಯಬೇಕಾದರೆ ಸವಾರಿಯ ಮುಂಚೆ ಮತ್ತು ನಂತರ ತೂಕ ನೋಡಿಕೊಳ್ಳಿ. ಇಳಿದ ಒಂದು ಕಿಲೋ ಎಂದರೆ ಕುಡಿಯದೆ ಬಿಟ್ಟ ಸುಮಾರು ಒಂದು ಲೀಟರ್, ತೂಕ ಏರಿದ್ದರೆ ಕುಡಿದದ್ದು ಹೆಚ್ಚಾಯಿತು.

ಜೊತೆಗಾರರ ಮೇಲೆ ಕಣ್ಣಿಡಿ. ತಲೆನೋವು, ವಾಕರಿಕೆ, ಸ್ನಾಯು ಹಿಡಿತ ಬಂದರೆ ನೆರಳು, ನೀರು, ವಿಶ್ರಾಂತಿ ಸಾಕಾಗಬಹುದು. ಮಾತು ತೊದಲುತ್ತಿದ್ದರೆ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬರುತ್ತಿದ್ದರೆ ಅದು ಬಿಸಿಲಾಘಾತ. ಸಹಾಯಕ್ಕೆ ಕರೆ ಮಾಡಿ, ಅದು ಬರುವವರೆಗೆ ಕಾಯದೆ ಮೈತುಂಬ ತಣ್ಣೀರು ಸುರಿದು ಗಾಳಿ ಹಾಕಬೇಕು, ಪ್ರಜ್ಞೆ ಸ್ಪಷ್ಟವಿಲ್ಲದವರ ಬಾಯಿಗೆ ನೀರು ಹಾಕಬಾರದು. ಬಿಸಿಲು ಮೇಲಿನಿಂದ ಮಾತ್ರ ಬೀಳುವುದಿಲ್ಲ. ಒಣ ಮರಳು ನೇರಳಾತೀತ ಕಿರಣಗಳ ಸುಮಾರು ಶೇಕಡಾ 15ರಷ್ಟನ್ನೂ ಅಲೆಯ ನೊರೆ ಸುಮಾರು ಶೇಕಡಾ 25ರಷ್ಟನ್ನೂ ಮುಖಕ್ಕೆ ಮರಳಿ ಎಸೆಯುತ್ತವೆ. ಗಲ್ಲದ ಕೆಳಗೆ, ಮೂಗಿನ ಅಡಿಗೆ, ಕಿವಿಯ ಹಿಂದೆಯೂ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ತೆಳುವಾದ ತುಂಬುತೋಳಿನ ಅಂಗಿ ಅದಕ್ಕಿಂತ ನಂಬಿಕೆಯದು.

ನೀವು ಮರಳದಿಬ್ಬಗಳ ಮೇಲೆ ಹತ್ತಿ ಇಳಿಯುವ ಆಸೆಯನ್ನೂ ಬರೆದಿದ್ದೀರಿ. ಅದನ್ನು ದಯವಿಟ್ಟು ಬಿಡಿ. ದಿಬ್ಬವನ್ನು ಹಿಡಿದಿಟ್ಟಿರುವುದು ಅದರ ಮೇಲಿನ ಹುಲ್ಲು, ಬಳ್ಳಿಗಳ ಬೇರು; ಟೈರಿನ ಒಂದು ಜಾಡು ಬೇರನ್ನು ಕಿತ್ತರೆ ಗಾಳಿ ಅಲ್ಲಿಂದಲೇ ದಿಬ್ಬವನ್ನು ಕೊರೆಯಲು ಆರಂಭಿಸುತ್ತದೆ. ಉಬ್ಬರದ ಗೆರೆಗಿಂತ ಮೇಲಿನ ಮರಳಿನಲ್ಲಿ ಕೆಲವು ಹಕ್ಕಿಗಳು ಗೂಡು ಕಟ್ಟದೆ ನೆಲದಲ್ಲೇ ಮೊಟ್ಟೆ ಇಡುತ್ತವೆ, ಆ ಮೊಟ್ಟೆಗಳು ಬೆಣಚುಕಲ್ಲಿನಂತೆಯೇ ಕಾಣುತ್ತವೆ. ಗೆರೆಯ ಕೆಳಗಿನ ಒದ್ದೆ ಮರಳೇ ನಿಮಗೂ ಒಳ್ಳೆಯದು, ಅವಕ್ಕೂ ಒಳ್ಳೆಯದು.

ಕೊನೆಯದು ಸೈಕಲಿನ ಆರೈಕೆ, ಇದನ್ನು ಅದೇ ಸಂಜೆಯೇ ಮಾಡಬೇಕು. ಹೊರಡುವ ಮೊದಲು ಚೈನಿಗೆ ದಪ್ಪ ಎಣ್ಣೆ ಹಾಕಬೇಡಿ. ಮರಳು ಅದಕ್ಕೆ ಅಂಟಿಕೊಂಡು ಅರೆಯುವ ಪುಡಿಯಂತಾಗಿ ಹಲ್ಲುಗಳನ್ನು ತಿನ್ನುತ್ತದೆ. ಮೇಣದ ಅಥವಾ ಒಣ ಬಗೆಯ ಲೂಬ್ ಹಾಕಿ ಹೊರಗಿನ ಪಸೆಯನ್ನು ಒರೆಸಿಬಿಡಿ. ಮರಳಿ ಬಂದ ಮೇಲೆ ಸಿಹಿನೀರನ್ನು ಮೆಲ್ಲಗೆ ಸುರಿದು ತೊಳೆಯಿರಿ. ಒತ್ತಡದ ನೀರನ್ನು ಚಕ್ರದ ನಡುವಿನ ಹಬ್ಬು, ಪೆಡಲು, ಹ್ಯಾಂಡಲಿನ ಬೇರಿಂಗುಗಳಿಗೆ ಹೊಡೆದರೆ ಉಪ್ಪನ್ನು ನೀವೇ ಒಳಗೆ ತಳ್ಳಿದಂತೆ. ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಪೂರ್ತಿ ಆರಲು ಬಿಟ್ಟು, ಆಮೇಲೆ ಚೈನಿಗೆ ಲೂಬ್ ಹಾಕಿ; ಒಮ್ಮೆ ಎರಡು ದಿನ ಸೋಮಾರಿತನ ಮಾಡಿದ್ದಕ್ಕೆ ನನ್ನ ಚೈನಿನ ಕೊಂಡಿಗಳು ಕೆಂಪಗೆ ಬಿಗಿದುಕೊಂಡಿದ್ದವು. ಸೀಟಿನ ಕಂಬವನ್ನು ಎಲ್ಲಿಯವರೆಗೆ ಇಳಿಸಿತ್ತೋ ಅಲ್ಲಿಗೆ ಗುರುತು ಹಾಕಿ ಹೊರತೆಗೆದು ಒರೆಸಿ ಗ್ರೀಸ್ ಹಚ್ಚಿ ಮತ್ತೆ ಕೂರಿಸಿ, ಏಕೆಂದರೆ ಉಕ್ಕು ಮತ್ತು ಅಲ್ಯೂಮಿನಿಯಂ ಕೂಡಿದ ಕಡೆ ಉಪ್ಪುನೀರು ನಿಂತರೆ ಎರಡೂ ಬೆಸುಗೆ ಹಾಕಿದಂತೆ ಹಿಡಿದುಕೊಳ್ಳುತ್ತವೆ. ನಿಮ್ಮ ಚೌಕಟ್ಟು ಅಥವಾ ಕಂಬ ಕಾರ್ಬನ್ನಿನದಾಗಿದ್ದರೆ ಗ್ರೀಸ್ ಬೇಡ, ಅದಕ್ಕೆಂದೇ ಸಿಗುವ ಕಾರ್ಬನ್ ಪೇಸ್ಟ್ ಹಚ್ಚಿ.