ಸ್ಪೇಸ್‌ಬಾರ್ ಒತ್ತಿದರೆ ಪುಟ ತಿರುಗಲಿ

ಪ್ರಶ್ನೆ: ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ) ಇರುವ ನನ್ನ ಮಗಳಿಗೆ ಪುಸ್ತಕದ ಹಾಳೆ ಮಗುಚಲಾಗದು. ಕತೆ ಅಂದರೆ ಪ್ರಾಣ. ಪವರ್‌ಪಾಯಿಂಟ್‌ನಲ್ಲಿ ಮಾತಾಡುವ ಪುಸ್ತಕ ಮಾಡಬಹುದೇ?
– ಒಬ್ಬ ತಾಯಿ, ಶಿರಸಿ

ಉತ್ತರ: ಧಾರಾಳವಾಗಿ ಮಾಡಿ, ತಾಯಿ. ಸ್ಲೈಡಿಗೊಂದು ಚಿತ್ರ, ದಪ್ಪಕ್ಷರದ ಒಂದೇ ಸಾಲು. ಇನ್ಸರ್ಟ್‌ನ ಆಡಿಯೋದಲ್ಲಿ ರೆಕಾರ್ಡ್ ಮಾಡಿ, ಪ್ಲೇಬ್ಯಾಕ್‌ನಲ್ಲಿ ‘ಆಟೋಮ್ಯಾಟಿಕಲಿ’ ಆರಿಸಿದರೆ ಪುಟ ಬಂದೊಡನೆ ದನಿ ಕೇಳುತ್ತದೆ. ಅಜ್ಜಿಯಿದ್ದರೆ ಅವರ ದನಿಯೇ ಇರಲಿ. ನಡುವೆ ಕೆಮ್ಮಿದರೂ ಅಳಿಸಬೇಡಿ. ಸಾಲು ಉದ್ದವಾದರೆ ಮಗು ಅವಸರಕ್ಕೆ ಗುಂಡಿ ಒತ್ತುತ್ತದೆ, ಮಾತು ಅಲ್ಲಿಗೇ ತುಂಡು. ಪುಟ ತಿರುಗಿಸಲು ಸ್ಪೇಸ್‌ಬಾರ್ ಸಾಕು. ಅದೂ ಕಷ್ಟವಾದರೆ ಅದೇ ಕೆಲಸ ಮಾಡುವ ದೊಡ್ಡ ಸ್ವಿಚ್ ಸಿಗುತ್ತದೆ, ಮೊಣಕೈಯಲ್ಲೂ ಒತ್ತಬಹುದು. ಫೈಲನ್ನು ‘ಪವರ್‌ಪಾಯಿಂಟ್ ಶೋ’ ಆಗಿ ಉಳಿಸಿ. ತೆರೆದ ಕೂಡಲೇ ಕತೆ ಶುರು. ‘ಸೆಟಪ್ ಸ್ಲೈಡ್ ಶೋ’ದಲ್ಲಿ ಲೂಪ್‌ಗೆ ಗುರುತು ಹಾಕಿದರೆ, ಕೊನೆಗೆ ಕಪ್ಪು ಪರದೆ ಬಾರದೆ ಮತ್ತೆ ಮೊದಲ ಪುಟ ಬರುತ್ತದೆ.