ತೋಟದಲ್ಲೇ ದಿಮ್ಮಿ ಸೀಳುವುದು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಮುಂಗಾರಿನ ಗಾಳಿಗೆ ತೋಟದ ಹಳೆಯ ಹಲಸು ಬಿದ್ದಿದೆ. ಬುಡದ ದಿಮ್ಮಿ 9 ಅಡಿ ಉದ್ದ, 26 ಇಂಚು ದಪ್ಪ. ಇಳಿಜಾರಿನಲ್ಲಿ ಕಾಫಿ ಗಿಡಗಳ ನಡುವೆ ಬಿದ್ದಿರುವುದರಿಂದ ಟ್ರ್ಯಾಕ್ಟರ್ ಹೋಗುವುದಿಲ್ಲ. ನಮ್ಮ 58 ಸಿಸಿ, 22 ಇಂಚು ಬಾರಿನ (ಚೈನು ಸುತ್ತ ಓಡುವ ಉದ್ದ ಪಟ್ಟಿಯ) ಚೈನ್‌ಸಾಗೆ ಅಲಾಸ್ಕನ್ ಮಿಲ್ (ಹಲಗೆ ಸೀಳಲು ಬಾರಿಗೆ ಬಿಗಿಯುವ ಚೌಕಟ್ಟು) ಜೋಡಿಸಿ ಅಲ್ಲೇ 2 ಇಂಚಿನ ಹಲಗೆ ತೆಗೆಯಬಹುದೇ?
(ಸಕಲೇಶಪುರ ತಾಲ್ಲೂಕಿನಿಂದ)

ಉತ್ತರ: ಅಲ್ಲೇ ಸೀಳುವ ಯೋಚನೆ ಸರಿ. ಹಸಿ ದಿಮ್ಮಿ ಮುಕ್ಕಾಲು ಟನ್ನಿನ ಆಸುಪಾಸು ತೂಗುತ್ತದೆ, ಎಳೆದರೆ ಎರಡು ಸಾಲು ಗಿಡ ಹಾಳು. ಆದರೆ ನಿಮ್ಮ ಮಷಿನ್ ಈ ಕೆಲಸಕ್ಕೆ ಸಾಲದು. ಮಿಲ್ಲಿನ ಕ್ಲಾಂಪುಗಳೇ ಬಾರಿನಲ್ಲಿ 4–5 ಇಂಚು ಜಾಗ ಹಿಡಿಯುತ್ತವೆ. ಕೊಯ್ಯಲು ಉಳಿಯುವುದು 17–18 ಇಂಚು ಮಾತ್ರ. ಶಕ್ತಿಯ ಪ್ರಶ್ನೆ ಅದಕ್ಕಿಂತ ದೊಡ್ಡದು. ಕೊಂಬೆ ಕಡಿಯುವಾಗ ಎಂಜಿನ್ನಿಗೆ ಅರ್ಧ ನಿಮಿಷದ ಕೆಲಸ, ಆಮೇಲೆ ಬಿಡುವು. ಸೀಳುವಾಗ ಪೂರ್ತಿ ಥ್ರಾಟಲ್‌ನಲ್ಲಿ ಹದಿನೈದು ನಿಮಿಷ ಬಿಡದೆ ದುಡಿಯಬೇಕು. 58 ಸಿಸಿ ಮಷಿನ್ 12 ಇಂಚಿನವರೆಗಿನ ತುಂಡುಗಳಿಗೆ ಸಾಕು. ಈ ದಿಮ್ಮಿಗೆ 90 ಸಿಸಿ ಅಥವಾ ಅದಕ್ಕೂ ದೊಡ್ಡ ಎಂಜಿನ್, 36 ಇಂಚಿನ ಬಾರ್ ಬೇಕು. ಒಂದೇ ಮರವಾದರೆ ಕೊಳ್ಳಬೇಡಿ, ಬಾಡಿಗೆಗೆ ತನ್ನಿ.

ಅಂಗಡಿಯ ಮಾಮೂಲಿ ಚೈನಿನ ಹಲ್ಲು 30 ಡಿಗ್ರಿ ಓರೆಯಲ್ಲಿ ಮಸೆದಿರುತ್ತದೆ. ಅದು ಅಡ್ಡ ಕೊಯ್ಯುವುದಕ್ಕೆ. ಉದ್ದಕ್ಕೆ ಸೀಳುವ ರಿಪ್ಪಿಂಗ್ ಚೈನಿನದು 10 ಡಿಗ್ರಿ. ಸಿಗದಿದ್ದರೆ ಹಳೆಯ ಚೈನನ್ನೇ ನಾಲ್ಕೈದು ಸಲ ಮಸೆಯುತ್ತ ಆ ಕೋನಕ್ಕೆ ತನ್ನಿ.

ಈಗ ಮೊದಲ ಕೊಯ್ತ. ಮುಂದಿನ ಹಲಗೆಗಳೆಲ್ಲ ಅದರ ಪಡಿಯಚ್ಚು. ಅದು ತಿರುಚಿಕೊಂಡರೆ ಕೊನೆಯ ಹಲಗೆಯವರೆಗೂ ತಿರುಚು ಇಳಿಯುತ್ತದೆ. ದಿಮ್ಮಿಯನ್ನು ಎರಡು ಅಡ್ಡತೊಲೆಗಳ ಮೇಲೆ ನೆಲದಿಂದ ಒಂದಡಿ ಎತ್ತಿ, ಎರಡೂ ಬದಿಗೆ ಬೆಣೆ ಹೊಡೆದು, ಇಳಿಜಾರಿನ ಕಡೆಗೆ ಉರುಳದಂತೆ ಹಗ್ಗದಿಂದ ಬುಡದ ಮೋಟಿಗೆ ಬಿಗಿಯಿರಿ. ಕೊಯ್ತ ಶುರುವಾಗುವ ತುದಿ ಇನ್ನೊಂದು ತುದಿಗಿಂತ ಅರ್ಧ ಅಡಿ ಎತ್ತರದಲ್ಲಿರಲಿ. ಮಷಿನ್ ತನ್ನ ಭಾರಕ್ಕೆ ತಾನೇ ಜಾರುತ್ತದೆ, ನಿಮ್ಮ ಸೊಂಟ ಉಳಿಯುತ್ತದೆ.

ಎರಡೂ ತುದಿಗೆ ಒಂದೊಂದು ಹಲಗೆ ತುಂಡು ಬಡಿದು, ರಸಮಟ್ಟ ಇಟ್ಟು ಎರಡರ ಮೇಲಂಚನ್ನೂ ಅಡ್ಡಡ್ಡಕ್ಕೆ ಮಟ್ಟ ಮಾಡಿ. ಅವುಗಳ ಮೇಲೆ ನೇರವಾದ ಅಲ್ಯೂಮಿನಿಯಂ ಏಣಿಯನ್ನು ಸ್ಕ್ರೂ ಹಾಕಿ ಕೂರಿಸಿ. ಮಿಲ್ ಓಡುವುದು ಈ ಏಣಿಯ ಮೇಲೆ. ಏಣಿಯ ಪಟ್ಟಿ 3 ಇಂಚು ಎತ್ತರವಿದ್ದು, ಅದು ದಿಮ್ಮಿಯ ನೆತ್ತಿಗೆ ತಾಗಿ ಕೂತಿದ್ದರೆ, ಮಿಲ್ಲನ್ನು 6 ಇಂಚಿಗೆ ಇಡಿ. ಆಗ ಚೈನು ನೆತ್ತಿಯಿಂದ 3 ಇಂಚು ಕೆಳಗೆ ಹೋಗಿ ಹದಿನಾರೂವರೆ ಇಂಚು ಅಗಲದ ಮಟ್ಟಸ ಮುಖ ಬಿಡುತ್ತದೆ. ಸ್ಕ್ರೂ ಒಂದೂ ಆ 3 ಇಂಚಿನ ಆಳಕ್ಕೆ ಇಳಿದಿರಬಾರದು. ಕೊಯ್ಯುವ ಮುನ್ನ ಒಂದೊಂದನ್ನೂ ಅಳೆದು ನೋಡಿ.

ಅಲ್ಲಿಂದ ಮುಂದೆ ಏಣಿ ಬೇಡ, ಕೊಯ್ದ ಮುಖವೇ ದಾರಿ. ಚೈನಿನ ಕೊಯ್ತದಲ್ಲಿ ಸುಮಾರು 9 ಮಿಲಿಮೀಟರ್ ಮರ ಪುಡಿಯಾಗಿ ಹೋಗುತ್ತದೆ. ಅಂದರೆ 2 ಇಂಚಿನ ಪ್ರತಿ ಹಲಗೆಗೆ 2.35 ಇಂಚು ಲೆಕ್ಕ. ತಿರುಳು ನಡುಮಧ್ಯದಲ್ಲೇ ಇದ್ದರೆ ಅದು ಮೊದಲ ಮುಖದಿಂದ 10 ಇಂಚು ಕೆಳಗೆ, ಐದನೆಯ ಹಲಗೆಯೊಳಗೆ ಬರುತ್ತದೆ. ಆ ಹಲಗೆ ಒಣಗುವಾಗ ನಡುವೆ ಸೀಳದೆ ಬಿಡುವುದಿಲ್ಲ. ಅದನ್ನು ಹಸಿಯಲ್ಲೇ ತಿರುಳಿನ ಗುಂಟ ಉದ್ದಕ್ಕೆ ಎರಡು ಮಾಡಿ, ತಿರುಳಿನ ಪಟ್ಟಿ ತೆಗೆದುಹಾಕಿ. ಬಾಗಿಲ ಚೌಕಟ್ಟಿಗೆ ಒಳ್ಳೆಯ ಎರಡು ತುಂಡು ಸಿಗುತ್ತವೆ.

ಪ್ರತಿ ಕೊಯ್ತದಲ್ಲೂ 2–3 ಅಡಿ ಹೋದ ಮೇಲೆ ಹಿಂದಿನಿಂದ ಮರದ ಬೆಣೆ ಸಿಕ್ಕಿಸುತ್ತಾ ಹೋಗಿ, ಇಲ್ಲದಿದ್ದರೆ ಮೇಲಿನ ಹಲಗೆ ಕೂತು ಬಾರನ್ನು ಹಿಡಿಯುತ್ತದೆ. ಕಬ್ಬಿಣದ ಬೆಣೆ ಬೇಡ. ಹಲಸಿನ ಮೇಣ ಚೈನಿಗೂ ಚೈನು ಓಡುವ ಬಾರಿನ ತೋಡಿಗೂ ಅಂಟುತ್ತದೆ. ಎರಡು ಕೊಯ್ತಕ್ಕೊಮ್ಮೆ ಚೈನು ಬಿಚ್ಚಿ ಸೀಮೆಎಣ್ಣೆ ಅಥವಾ ಡೀಸೆಲ್ ಬಟ್ಟೆಯಿಂದ ಒರೆಸಿ.

ಶುರು ಮಾಡುವ ಮೊದಲು ದಿಮ್ಮಿಯ ತೊಗಟೆ ಸುಲಿದು ನೋಡಲು ಮರೆಯಬೇಡಿ. ನಮ್ಮ ತೋಟಗಳ ಮರಗಳಲ್ಲಿ ಹಳೆಯ ಬೇಲಿ ತಂತಿ, ಬೋರ್ಡಿನ ಮೊಳೆ ಹೂತುಹೋಗಿರುವುದು ಮಾಮೂಲು. ಮತ್ತಿ, ಹೊನ್ನೆಯಂಥ ಒಗರಿನ ಮರದಲ್ಲಿ ಕಬ್ಬಿಣವಿದ್ದರೆ ದಿಮ್ಮಿಯ ತುದಿಯಲ್ಲಿ ಶಾಯಿ ಚೆಲ್ಲಿದಂತೆ ನೀಲಿಗಪ್ಪು ಗೆರೆ ಕಾಣುತ್ತದೆ. ಆ ಗೆರೆ ಕಂಡ ಕಡೆ ಉಳಿಯಿಂದ ಬಿಡಿಸಿ ನೋಡದೆ ಚೈನು ಇಳಿಸಬಾರದು.

ಪ್ರಶ್ನೆ: ನಾವು ಸೀಳಿದ ಹಲಗೆಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಬಾರ್ ತಾನಾಗಿ ಕೆಳಕ್ಕೆ ಇಳಿಯುತ್ತದೆ. ಮೂರನೆಯ ದಿಮ್ಮಿಗೆ ಎಂಜಿನ್ ಕೂಡ ಜಾಮ್ ಆಯಿತು, ಪಿಸ್ಟನ್ ಮೇಲೆ ಗೀರು ಬಿದ್ದಿದೆ ಎಂದು ಮೆಕ್ಯಾನಿಕ್ ಹೇಳಿದರು. ತಪ್ಪೆಲ್ಲಿ?
(ಮೂಡಿಗೆರೆಯಿಂದ)

ಉತ್ತರ: ಬಾರ್ ಇಳಿಯುವುದಕ್ಕೆ ಬಹುತೇಕ ಒಂದೇ ಕಾರಣ: ಒಂದು ಬದಿಯ ಹಲ್ಲುಗಳು ಇನ್ನೊಂದು ಬದಿಯವಕ್ಕಿಂತ ಗಿಡ್ಡ ಅಥವಾ ಮೊಂಡಾಗಿರುವುದು. ಬಲಗೈಯವರು ಒಂದು ಬದಿಗೆ ಜೋರಾಗಿ, ಇನ್ನೊಂದಕ್ಕೆ ಮೆತ್ತಗೆ ಅರ ಹಾಕುವುದರಿಂದ ಇದು ಆಗುತ್ತದೆ. ವರ್ನಿಯರ್ ಹಿಡಿದು ಅತಿ ಗಿಡ್ಡ ಹಲ್ಲನ್ನು ಹುಡುಕಿ, ಮಿಕ್ಕ ಎಲ್ಲವನ್ನೂ ಅದರ ಅಳತೆಗೆ ತನ್ನಿ. ಹಲ್ಲಿನ ಮುಂದಿರುವ ಆಳ ನಿಯಂತ್ರಿಸುವ ಗುಬುಟು 0.65 ಮಿಲಿಮೀಟರ್ ತಗ್ಗಿನಲ್ಲಿ ಸಮನಾಗಿರಲಿ. ಇಷ್ಟಾದ ಮೇಲೂ ಬಾರ್ ಇಳಿದರೆ ಅದರ ಅಂಚು ಒಂದು ಕಡೆ ಸವೆದಿರುತ್ತದೆ.

ಮೊಂಡಾದದ್ದನ್ನು ಪುಡಿಯೇ ಹೇಳುತ್ತದೆ. ಹರಿತ ಚೈನು ಎಳೆ ಎಳೆಯಾದ ಸಿಪ್ಪೆ ಉಗುಳುತ್ತದೆ. ರಾಗಿ ಹಿಟ್ಟಿನಂತೆ ನುಣ್ಣಗೆ ಬರತೊಡಗಿತೆಂದರೆ ಅಲ್ಲೇ ನಿಲ್ಲಿಸಿ. ಗಟ್ಟಿ ಮರದಲ್ಲಿ ಒಂದೆರಡು ಕೊಯ್ತಕ್ಕೊಮ್ಮೆ ಅರ ಹಾಕಲೇಬೇಕು. ಮೊಂಡು ಚೈನನ್ನು ಒತ್ತಿ ಕೊಯ್ದದ್ದರಿಂದಲೇ ನಿಮ್ಮ ಎಂಜಿನ್ನಿಗೂ ಪೆಟ್ಟು ಬಿದ್ದಿರಬೇಕು. ಟೂ-ಸ್ಟ್ರೋಕ್ ಎಂಜಿನ್ನಿಗೆ ಪೆಟ್ರೋಲಿನ ಜೊತೆ ಬರುವ ಆಯಿಲ್ ಬಿಟ್ಟರೆ ಬೇರೆ ಆಯಿಲ್ ಇಲ್ಲ. ಏರ್ ಫಿಲ್ಟರ್ ಪುಡಿ ಕಟ್ಟಿ, ತಂಪು ಮಾಡುವ ರೆಕ್ಕೆಗಳ ನಡುವೆ ಹೊಟ್ಟು ತುಂಬಿ, ಕಾರ್ಬೊರೇಟರ್ ತೆಳು (ಗಾಳಿ ಹೆಚ್ಚು, ಪೆಟ್ರೋಲು ಕಡಿಮೆ) ಮಿಶ್ರಣಕ್ಕೆ ಹೊಂದಿದ್ದರೆ ಪಿಸ್ಟನ್ ಹಿಡಿಯುತ್ತದೆ. 50:1 ಹೇಳಿರುವ ಮಷಿನ್ನಿಗೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಟೂ-ಟಿ ಆಯಿಲ್ ಅಳೆದೇ ಹಾಕಿ, ಅಂದಾಜು ಬೇಡ. ಸೀಳುವ ಕೆಲಸಕ್ಕೆ ಕಾರ್ಬೊರೇಟರಿನ ಹೈಸ್ಪೀಡ್ ಸ್ಕ್ರೂವನ್ನು ಸ್ವಲ್ಪ ತೆರೆದು ಮಿಶ್ರಣ ದಟ್ಟವಾಗಿಸಿ. ಟ್ಯಾಂಕಿಗೊಮ್ಮೆ ಫಿಲ್ಟರ್ ಬಡಿಯಿರಿ. ಕೊಯ್ತ ಮುಗಿದ ಕೂಡಲೇ ಆಫ್ ಮಾಡದೆ ಅರ್ಧ ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ.

ಬಾರಿಗೆ ಟ್ರ್ಯಾಕ್ಟರಿನ ಹಳೆ ಎಂಜಿನ್ ಆಯಿಲ್ ಹಾಕುವ ರೂಢಿ ನಮ್ಮ ಕಡೆ ಇದೆ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಚೈನಿಗೆ ಅಂಟಿ ನಿಲ್ಲುವ ಗುಣವೂ ಇಲ್ಲ. ಇನ್ನೂರು ರೂಪಾಯಿ ಉಳಿಸಲು ಬಾರನ್ನೇ ಕಳೆದುಕೊಳ್ಳುತ್ತೀರಿ.

ಪ್ರಶ್ನೆ: ಸಿಲ್ವರ್ ಓಕ್ ಹಲಗೆಗಳನ್ನು ಟಾರ್ಪಾಲು ಹೊದಿಸಿ ಇಟ್ಟೆವು. ತುದಿಗಳು ಒಂದಡಿ ಸೀಳಿದವು, ಬೂಷ್ಟು ಬಂತು, ಈಗ ಹಿಟ್ಟಿನಂಥ ಪುಡಿ ಉದುರುತ್ತಿದೆ. ಸೀಳಿದವರ ಮುಂಗೈ ತುಂಬ ತುರಿಕೆ ಬೇರೆ.
(ಬೇಲೂರಿನಿಂದ)

ಉತ್ತರ: ಮರದ ತುದಿ ಮೈಗಿಂತ ಎಷ್ಟೋ ಪಟ್ಟು ಬೇಗ ಒಣಗುತ್ತದೆ, ತುದಿ ಕುಗ್ಗಿ ಒಳಗು ಕುಗ್ಗದಿದ್ದಾಗ ಸೀಳುತ್ತದೆ. ಮರ ಕಡಿದ ದಿನವೇ ತುದಿಗೆ ಮೇಣ ಅಥವಾ ಮಿಕ್ಕ ಎನಾಮಲ್ ಬಣ್ಣವನ್ನು ಎರಡು ಕೈ ದಪ್ಪಗೆ ಬಳಿಯಬೇಕಿತ್ತು. ಟಾರ್ಪಾಲು ಸುತ್ತಿದ್ದೂ ತಪ್ಪು: ಮಲೆನಾಡಿನ ತೇವದಲ್ಲಿ ಅದು ಹಬೆಯ ಪೆಟ್ಟಿಗೆಯೇ ಸರಿ. ಬದಿ ತೆರೆದ ಸೂರಿನಡಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಒಟ್ಟಿ. ಹಲಗೆಗಳ ನಡುವೆ ಒಣಗಿದ ಒಂದಿಂಚು ಪಟ್ಟಿ, ಒಂದೂವರೆ ಅಡಿಗೊಂದರಂತೆ. 9 ಅಡಿಗೆ 7 ಪಟ್ಟಿ. ಕೆಳಗಿನಿಂದ ಮೇಲಿನವರೆಗೆ ಪಟ್ಟಿಗಳು ಒಂದರ ಮೇಲೊಂದು ನೇರವಾಗಿ ಬರಬೇಕು, ತಪ್ಪಿದಲ್ಲಿ ಹಲಗೆ ಬಾಗುತ್ತದೆ. ಮೇಲೆ ಚಪ್ಪಡಿ ಕಲ್ಲು ಹೇರಿ.

ಇಂಚಿಗೆ ಒಂದು ವರ್ಷ ಎಂಬ ಮಾತು ಅಂದಾಜು ಅಷ್ಟೇ. ಖಾತ್ರಿ ಬೇಕಿದ್ದರೆ ಹಲಗೆಯ ತುದಿಯಿಂದ ಒಂದಡಿ ಒಳಗೆ ಸಣ್ಣ ತುಂಡು ತೆಗೆದು ತೂಗಿ. 103 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. 480 ಗ್ರಾಂ ಇದ್ದದ್ದು 400ಕ್ಕೆ ನಿಂತರೆ 80 ಭಾಗಿಸು 400, ಅಂದರೆ ಶೇ 20 ತೇವ. ಒಳಾಂಗಣದ ಪೀಠೋಪಕರಣಕ್ಕೆ ಶೇ 12ರ ಆಸುಪಾಸಿಗೆ ಬರಬೇಕು.

ಪುಡಿ ಉದುರಿಸುವುದು ಕುಟ್ಟೆ ಹುಳು. ಅದಕ್ಕೆ ಪ್ರಿಯವಾದದ್ದು ಚೇಗಿನ ಸುತ್ತಲಿನ ಬಿಳಿಮರ. ಮುಂದಿನ ಸಲ ಸೀಳಿದ ದಿನವೇ, ಹಸಿ ಇರುವಾಗ, 10 ಲೀಟರ್ ನೀರಿಗೆ 300 ಗ್ರಾಂ ಬೊರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ನಾಲ್ಕೂ ಮುಖಕ್ಕೆ ತೋಯುವಂತೆ ಬಳಿಯಿರಿ. ಮರದ ತೇವವೇ ಔಷಧಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಮಳೆಗೆ ಸಿಕ್ಕರೆ ತೊಳೆದುಹೋಗುತ್ತದೆ. ತುರಿಕೆ ಸಿಲ್ವರ್ ಓಕಿನದೇ ಗುಣ, ಅದರ ರಸ ಮತ್ತು ಪುಡಿ ಹಲವರ ಚರ್ಮಕ್ಕೆ ಆಗುವುದಿಲ್ಲ. ತುಂಬುತೋಳು, ಕೈಗವಸು, ಮಾಸ್ಕ್ ಇರಲಿ. ಗಾಳಿ ಬೆನ್ನ ಹಿಂದಿನಿಂದ ಬೀಸುವಂತೆ ನಿಂತು ಕೊಯ್ಯಿರಿ.

ಪ್ರಶ್ನೆ: ತೋಟದ ಬೀಟೆ ಮರ ಒಣಗಿ ನಿಂತಿದೆ. ಮನೆ ಬಳಕೆಗೆ ಸೀಳಿಕೊಳ್ಳಲು ಅಡ್ಡಿಯಿಲ್ಲವಲ್ಲ?
(ಆಲ್ದೂರಿನಿಂದ)

ಉತ್ತರ: ಅಡ್ಡಿಯಿದೆ. ಒಣಗಿದ್ದರೂ, ನಿಮ್ಮದೇ ತೋಟವಾದರೂ, ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಬೀಟೆಗೆ ಗರಗಸ ಹಾಕಬೇಡಿ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಡಿ ಸಿಲ್ವರ್ ಓಕ್ ಕಡಿಯಲು ಅನುಮತಿಯ ಅಗತ್ಯವಿಲ್ಲ. ಆ ಸಲುಗೆ ಬೀಟೆಗಿಲ್ಲ. ವಲಯ ಅರಣ್ಯಾಧಿಕಾರಿ ಕಚೇರಿಗೆ ಪಹಣಿ ಮತ್ತು ಮರದ ಫೋಟೊ ಸಮೇತ ಅರ್ಜಿ ಕೊಡಿ. ತೋಟದಲ್ಲೇ ಚೈನ್ ಮಿಲ್ ಇಟ್ಟು ಸೀಳುವುದನ್ನೂ, ಹಲಗೆ ಸಾಗಿಸುವುದಿದ್ದರೆ ಅದನ್ನೂ ಅರ್ಜಿಯಲ್ಲೇ ಬರೆಯಿರಿ. ಅನುಮತಿ ಬರುವವರೆಗೆ ಮರ ನಿಂತಲ್ಲೇ ಇರಲಿ. ಬೀಟೆಯ ಚೇಗು ಗಟ್ಟಿ, ಬೇಗ ಕೆಡುವುದಿಲ್ಲ.