ಓದುಗರ ಪ್ರಶ್ನೆ: ಹಳೆಯ ಜೋಡುನಳಿಗೆ ಕೋವಿಯ ಬೆಲೆ ಎಲ್ಲಿ ಅಡಗಿದೆ?

ಪ್ರಶ್ನೆ: ಅಮೆರಿಕದ ಹಳೆಯ ಪಾರ್ಕರ್ ಕಂಪನಿಯ ಎರಡು ಜೋಡುನಳಿಗೆ ಕೋವಿಗಳನ್ನು ನೋಡಿ ಬಂದೆ. ಎರಡೂ 16 ಗೇಜ್ (ನಳಿಗೆಯ ಒಳಗಾತ್ರದ ಅಳತೆ; ಅಂಕಿ ಹೆಚ್ಚಿದಷ್ಟೂ ಒಳಗಾತ್ರ ಸಣ್ಣದು), ಕಂಪನಿಯ ಸರಳ ದರ್ಜೆಗಳಲ್ಲೊಂದಾದ ವಿ.ಎಚ್. ದರ್ಜೆ, 28 ಅಂಗುಲದ ನಳಿಗೆ. ಕಣ್ಣಿಗೆ ಅವಳಿಗಳಂತಿವೆ. ಒಂದಕ್ಕೆ ಮಾತ್ರ ‘ಇದು ಸೊನ್ನೆ ಫ್ರೇಮು’ ಎಂದು ಬಹಳ ಹೆಚ್ಚು ಬೆಲೆ ಹೇಳುತ್ತಾರೆ. ಇದು ವ್ಯಾಪಾರದ ಮಾತೇ?

ಉತ್ತರ: ಅಲ್ಲ, ನಿಜವಾದ ಮಾತು. ಫ್ರೇಮು ಎಂದರೆ ನಳಿಗೆಗಳು ಬಂದು ಕೂರುವ ಕೋವಿಯ ಲೋಹದ ಮೈ; ಅಂಕಿ ಸಣ್ಣದಾದಷ್ಟೂ ಮೈಯೂ ಸಣ್ಣದು. ಆದರೆ ಬಾಯಿಮಾತಿನ ಮೇಲೆ ಹಣ ಕೊಡಬೇಡಿ. ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು, ಮುಂದಿನ ಮರದ ತುಂಡನ್ನು ಬಿಡಿಸಿ, ನಳಿಗೆಗಳನ್ನು ಕಳಚಿ ಮಗುಚಿ ನೋಡಿ. ಬುಡದಲ್ಲಿ ಫ್ರೇಮಿನೊಳಗೆ ಕೂರುವ ಲಗ್ಗಿನ ಮೇಲೆ ಪುಟ್ಟ ಅಂಕಿಯೊಂದನ್ನು ಒತ್ತಿರುತ್ತಾರೆ. ಅದೇ ಫ್ರೇಮಿನ ಅಳತೆ. ಅಂಕಿ ಸವೆದಿದ್ದರೆ, ತೋಟಾದ ಬೆನ್ನಿಗೆ ಬಡಿಯುವ ಎರಡು ಪಿನ್ನುಗಳ ನಡುವಿನ ದೂರವನ್ನು ಅಳೆಯಿರಿ: 0 ಫ್ರೇಮಿಗೆ 1 ಅಂಗುಲ, 1ಕ್ಕೆ 1 1/16, 2ಕ್ಕೆ 1 1/8. ಒಂದು ಅಂಕಿಗೂ ಮುಂದಿನದಕ್ಕೂ ವ್ಯತ್ಯಾಸ ಒಂದು ಬೆಂಕಿಕಡ್ಡಿಯ ದಪ್ಪಕ್ಕಿಂತ ಕಡಿಮೆ. ಆದರೂ ಅಷ್ಟರಿಂದಲೇ ಕೋವಿಯ ಸೊಂಟ ಸಣ್ಣದಾಗುತ್ತದೆ, ಅದಕ್ಕೆ ತಕ್ಕಂತೆ ನಳಿಗೆಯ ಬುಡ ತೆಳುವಾಗುತ್ತದೆ, ತೂಕ ಇಳಿಯುತ್ತದೆ.

ಅಮೆರಿಕದ ಮೆರಿಡನ್‌ನಲ್ಲಿದ್ದ ಪಾರ್ಕರ್ ಕಾರ್ಖಾನೆ ಗೇಜಿಗೊಂದೇ ಫ್ರೇಮ್ ಎಂಬ ಕಟ್ಟುಪಾಡು ಇಟ್ಟುಕೊಂಡಿರಲಿಲ್ಲ. 0 ಫ್ರೇಮ್ ಸಾಮಾನ್ಯವಾಗಿ 20 ಗೇಜಿನ ಮೈ. 1 ಫ್ರೇಮಿನ ಮೇಲೆ ಹಗುರವಾದ 12 ಗೇಜ್ ಕೋವಿಗಳನ್ನೂ ಕಟ್ಟುತ್ತಿದ್ದರು. ಹಾಗಾಗಿ 0 ಫ್ರೇಮಿನ 16 ಗೇಜ್ ಎಂದರೆ 20ರ ಮೈಯಲ್ಲಿ 16ರ ಚರೆ. ಹಗಲಿಡೀ ಪೊದೆಗಳ ನಡುವೆ ಹಕ್ಕಿಯ ಹಿಂದೆ ನಡೆಯುವವನಿಗೆ ಇದಕ್ಕಿಂತ ಹಿತವಾದ ಕೋವಿ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಲೆ ಏರಿರುವುದು ಆ ಹಿತಕ್ಕೆ.

ಇದನ್ನು ಕೇಳಿ ಸಣ್ಣ ಅಂಕಿಯೆಲ್ಲ ಚಿನ್ನ, ದೊಡ್ಡದೆಲ್ಲ ಕಬ್ಬಿಣ ಎಂದು ತೀರ್ಮಾನಿಸಬೇಡಿ. 3 ಫ್ರೇಮಿನ 12 ಗೇಜ್, 32 ಅಂಗುಲದ ನಳಿಗೆ: ಇದು ನೀರಂಚಿನಲ್ಲಿ ಕುಳಿತು ಬಾತುಗಳಿಗೆ ಕಾಯುವವನ ಕೋವಿ. ಭಾರವಾದ ತೋಟಾದ ಒದೆಯನ್ನು ಆ ಮೈ ನುಂಗಿಕೊಳ್ಳುತ್ತದೆ, ಉದ್ದ ನಳಿಗೆ ಸಮನಾಗಿ ಬೀಸುತ್ತದೆ. ಅದನ್ನು ಬಯಸುವವರು ಒಳ್ಳೆಯ ಬೆಲೆಯನ್ನೇ ಕೊಡುತ್ತಾರೆ. ಕಷ್ಟವಿರುವುದು ಜೋಡಿ ತಪ್ಪಿದ ಕೋವಿಗಳಲ್ಲಿ. ದಪ್ಪ ಫ್ರೇಮಿಗೆ 26 ಅಂಗುಲದ ಗಿಡ್ಡ ನಳಿಗೆ ಇದ್ದರೆ ಭಾರವೆಲ್ಲ ಕೈಗಳ ನಡುವೆ ಕುಳಿತು, ಮೂತಿ ಚಂಚಲವಾಗುತ್ತದೆ. ಹಾರುವ ಹಕ್ಕಿಯ ಜೊತೆ ಬೀಸುತ್ತಿದ್ದ ಕೋವಿ ನಡುವೆಯೇ ನಿಂತುಬಿಡುತ್ತದೆ. ಆದ್ದರಿಂದ ಉದ್ದವನ್ನೂ ಫ್ರೇಮನ್ನೂ ಬೇರೆ ಬೇರೆಯಾಗಿ ತೂಗಬೇಡಿ.

ಪ್ರಶ್ನೆ: ನನ್ನ ಪಾರ್ಕರ್ ಕೋವಿಯ ನಳಿಗೆ 27 ಅಂಗುಲಕ್ಕಿಂತ ತುಸು ಹೆಚ್ಚಿದೆ. ಕತ್ತರಿಸಿರಬಹುದೇ? ಹೇಗೆ ತಿಳಿಯುವುದು?

ಉತ್ತರ: ಹೀಗೆ ಇಡೀ ಅಂಗುಲವಲ್ಲದ ಅಳತೆ ಬಂದರೆ ಅನುಮಾನಪಡಲೇಬೇಕು. ಮೊದಲು ಮೂತಿ ನೋಡಿ. ಜೋಡುನಳಿಗೆಗಳು ಬುಡದಿಂದ ತುದಿಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. ಕಾರ್ಖಾನೆ ಬಿಟ್ಟ ಮೂತಿಯಲ್ಲಿ ಸಾಮಾನ್ಯವಾಗಿ ಎರಡೂ ಒಂದನ್ನೊಂದು ಮುಟ್ಟುತ್ತವೆ. ಕತ್ತರಿಸಿದರೆ ನಡುವೆ ಸಂದು ಉಳಿಯುತ್ತದೆ. ನಾನು ವರ್ಷಗಳ ಹಿಂದೆ ಕೊಂಡ ಒಂದು ಕೋವಿಯಲ್ಲಿ ಆ ಸಂದನ್ನು ಬೆಸುಗೆಯಿಂದ ತುಂಬಿ, ನಯವಾಗಿ ಉಜ್ಜಿ, ಕಪ್ಪು ಬಣ್ಣ ಹಚ್ಚಿದ್ದರು. ಮನೆಗೆ ತಂದು ಎಣ್ಣೆಬಟ್ಟೆಯಿಂದ ಒರೆಸಿದಾಗ ಬಣ್ಣ ಹೋಗಿ, ಎರಡು ಕರಿ ಬಳೆಗಳ ನಡುವೆ ಬೆಳ್ಳಗಿನ ತ್ರಿಕೋನವೊಂದು ಕಾಣಿಸಿತು. ಆ ಬೆಳಿಗ್ಗೆಯ ಸಂಕಟ ಈಗಲೂ ನೆನಪಿದೆ. ಅಂದಿನಿಂದ ಯಾವ ಕೋವಿಯನ್ನಾದರೂ ಮೊದಲು ಮೂತಿಯಿಂದಲೇ ನೋಡುತ್ತೇನೆ.

ಕತ್ತರಿಸಿದರೆ ಹೋಗುವುದು ಉದ್ದ ಮಾತ್ರವಲ್ಲ. ಚರೆ ಹರಡದಂತೆ ನಳಿಗೆಯ ಒಳಗನ್ನು ತುಸು ಕಿರಿದಾಗಿಸಿದ ಭಾಗಕ್ಕೆ ಚೋಕ್ ಎನ್ನುತ್ತಾರೆ; ಅದು ಇರುವುದು ಕೊನೆಯ ಕೆಲವೇ ಅಂಗುಲಗಳಲ್ಲಿ. ಅದು ಹೋದ ಮೇಲೆ ಚರೆ ಹರಡಿ ಹೋಗುತ್ತದೆ. ಎರಡೂ ನಳಿಗೆಗಳಲ್ಲಿ ಚೋಕ್ ಲವಲೇಶವೂ ಇಲ್ಲದಿದ್ದರೆ ಅನುಮಾನ ಗಟ್ಟಿಯಾಯಿತು. ಪಾರ್ಕರಿನಲ್ಲಿ ಇನ್ನೊಂದು ಸಾಕ್ಷಿಯುಂಟು: ಅರೆದು ನಯಗೊಳಿಸುವ ಮುನ್ನ ನಳಿಗೆಗಳ ತೂಕವೆಷ್ಟಿತ್ತು ಎಂಬುದನ್ನು ಪೌಂಡು ಔನ್ಸುಗಳಲ್ಲಿ ಬುಡದ ಬಳಿ ಒತ್ತಿರುತ್ತಾರೆ. ಈಗಿನ ತೂಕ ಅದಕ್ಕಿಂತ ತುಸು ಕಡಿಮೆ ಇರುವುದು ಸಹಜ. ಬಹಳ ಕಡಿಮೆಯಿದ್ದರೆ ಲೋಹ ಎಲ್ಲಿ ಹೋಯಿತೆಂದು ಕೇಳಬೇಕು. ಪಾರ್ಕರ್ ಸಂಗ್ರಾಹಕರ ಸಂಘವು ಉಳಿದಿರುವ ಕಾರ್ಖಾನೆ ದಾಖಲೆಗಳಿಂದ ಕ್ರಮಸಂಖ್ಯೆಗೆ ಪತ್ರ ಕೊಡುತ್ತದೆ. ನಳಿಗೆ ಎಷ್ಟುದ್ದ ಹೊರಟಿತ್ತೆಂದು ಅದರಲ್ಲಿದ್ದರೆ ವಾದವೇ ಮುಗಿಯಿತು.

ಕತ್ತರಿಸಿದ ಕೋವಿಯನ್ನು ಬಳಸಲು ಬಯಸಿದರೆ ಬಳಸಿ. ಸಂಗ್ರಹದ ಬೆಲೆ ಮಾತ್ರ ಕೊಡಬೇಡಿ.

ಪ್ರಶ್ನೆ: ಈಗ ಎಲ್ಲರೂ 30, 32 ಅಂಗುಲವನ್ನೇ ಹುಡುಕುತ್ತಾರೆ. ನನ್ನ 26 ಅಂಗುಲದ 20 ಗೇಜನ್ನು ಮಾರಿಬಿಡಲೇ?

ಉತ್ತರ: ಮಾರಬೇಡಿ. ಮಣ್ಣಿನ ಬಿಲ್ಲೆಗಳಿಗೆ ಗುರಿಯಿಡುವ ಆಟ ಹಬ್ಬಿದ ಮೇಲೆ ಉದ್ದಕ್ಕೆ ಬೇಡಿಕೆ ಬಂದಿತು. ಆದರೆ 1920ರ ದಶಕದಲ್ಲಿ ಇಂಗ್ಲೆಂಡಿನ ಕೋವಿ ತಯಾರಕ ರಾಬರ್ಟ್ ಚರ್ಚಿಲ್ 25 ಅಂಗುಲದ ಕೋವಿಗಳನ್ನೇ ಹಟ ಹಿಡಿದು ಪ್ರಚಾರ ಮಾಡಿದರು. ಅವು ಗಿಡ್ಡವಾಗಿಯೇ ಹುಟ್ಟಿದವು, ಕತ್ತರಿಸಿದವಲ್ಲ. ನಿಮ್ಮದು 0 ಫ್ರೇಮಿನದಾಗಿದ್ದು, ಮೂತಿಯಲ್ಲಿ ಸಂದಿಲ್ಲದಿದ್ದರೆ, ಆ ಮೈಗೆ 26 ಒಪ್ಪುವ ಉದ್ದ. 28 ಅಂಗುಲದ್ದು ಅದಕ್ಕಿಂತ ಹೆಚ್ಚು ಬೆಲೆ ತರಬಹುದು, ಆ ಮಾತು ಬೇರೆ. ಅದಕ್ಕಾಗಿ ಭುಜಕ್ಕೆ ಒಗ್ಗಿದ ಕೋವಿಯನ್ನು ಬಿಟ್ಟುಕೊಡಬೇಡಿ.